ಬೊಳ್ಳು ತಿಂದ ಕೈ

ನಮ್ಮ ಬೊಳ್ಳುವಿಗೆ ಅನ್ನ ಇಷ್ಟವಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನ ಇಷ್ಟವೇ. ಆದರೆ ಅನ್ನ ಊಟ. ಊಟವಾದ ಮೇಲೆ ಬಾಯಾಡಿಸಲು ಬೇರೇನಾದರೂ ಬೇಕಲ್ಲ. ಸವಣೂರು ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹಾಗಾಗಿ ಆ ‘ಬೇರೇನಾದರೂ’ ಸದಾ ನನ್ನ ಮೇಜಿನ ಮೇಲಿಂದಲೇ ಹೋಗುತ್ತಿತ್ತು. (ಬೊಳ್ಳು ಎಂದರೆ ತುಳುವಿನಲ್ಲಿ ಬಿಳಿ ನಾಯಿ. ನಮ್ಮದು ಒಣಗಿದ ಅಡಿಕೆ ಸಿಪ್ಪೆಯ ಬಣ್ಣದ್ದು. ಆದರೆ ಹೆಸರಿಟ್ಟವಳು ನನ್ನ ಹೆಂಡತಿ ವಾರಿಜಾಕ್ಷಿ. ಆದ್ದರಿಂದ ಅದು ಬಿಳಿಯೇ.)

ಅದು ಗುರುತು ಹಾಕುವ ಸೀಮೆಸುಣ್ಣ ತಿಂದಿತು. ನೂಲಿನ ಉಂಡೆ ತಿಂದಿತು. ಕೊಂಬಿನ ಗುಂಡಿಗಳನ್ನು ಕಡಲೆಯಂತೆ ಜಗಿಯಿತು. ಅಳತೆಯ ಟೇಪಿನಲ್ಲಿ ಮೊದಲಿನ ಒಂಬತ್ತು ಇಂಚು ತಿಂದು, ಉಳಿದದ್ದನ್ನು ದಯೆಯಿಂದ ನನಗೆ ಬಿಟ್ಟಿತು. ಹೊಸ ಟೇಪು ತರಲು ಪುತ್ತೂರಿಗೆ ಹೋಗಬೇಕು. ಅಲ್ಲಿಯವರೆಗೆ ಪ್ರತಿ ಅಳತೆಯಲ್ಲೂ ಒಂಬತ್ತು ಕಳೆದು ಬರೆದುಕೊಳ್ಳುತ್ತಿದ್ದೆ. ಒಮ್ಮೆ ಕಳೆಯಲು ಮರೆತೆ. ಯೂಸುಫ್ ಬ್ಯಾರಿಯ ಅಂಗಿಯೊಳಗೆ ಇನ್ನೊಬ್ಬ ಯೂಸುಫ್ ಬ್ಯಾರಿಯೂ ಸುಖವಾಗಿ ಹಿಡಿಯುವಂತಾಯಿತು.

ಹೆಂಡತಿಯಲ್ಲಿ ದೂರು ಕೊಟ್ಟರೆ, ಅದಕ್ಕೆ ಎಟುಕುವಲ್ಲಿ ಇಟ್ಟದ್ದು ಯಾರೆಂದು ನನ್ನನ್ನೇ ವಿಚಾರಿಸುತ್ತಿದ್ದಳು. ಆ ನ್ಯಾಯಾಲಯದಲ್ಲಿ ಆರೋಪಿ ಬಾಲ ಅಲ್ಲಾಡಿಸಿದರೆ ಸಾಕು, ಬಿಡುಗಡೆ, ದೂರುದಾರನಿಗೇ ಶಿಕ್ಷೆ.

ಅರುವತ್ತೆರಡನೆಯ ಇಸವಿಯ ಬೇಸಗೆಯಲ್ಲಿ ಕಾಣಿಯೂರಿನ ಕುಶಾಲಪ್ಪ ತನ್ನ ಮದುವೆಯ ಕೋಟು ಹೊಲಿಯಲು ಕೊಟ್ಟ. ಬಟ್ಟೆ ಮುಂಬಯಿಯಿಂದ ಅವನ ಭಾವ ತಂದದ್ದು. ಬೂದು ಬಣ್ಣ, ಮುಟ್ಟಿದರೆ ಬೆಕ್ಕಿನ ಬೆನ್ನು ಸವರಿದ ಹಾಗೆ. ಅಂಥದ್ದು ಪುತ್ತೂರಿನಲ್ಲೂ ಸಿಕ್ಕದು, ಮಂಗಳೂರಿನಲ್ಲೂ ಸಿಕ್ಕದು. ಸಾಮಾನ್ಯ ಅಂಗಿ ಯಾರಾದರೂ ಹೊಲಿದಾರು, ಕೋಟಿಗೆ ಕೈ ಕೂರಿಸುವುದು ಮಾತ್ರ ಬೇರೆಯೇ ವಿದ್ಯೆ. ಭುಜದಲ್ಲಿ ಒಂದು ನೆರಿಗೆ ಬೀಳಬಾರದು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ಎಡಗೈಯ ಕೊನೆಯ ಗುಂಡಿ ಹೊಲಿದಾಗ ನನ್ನ ಕೆಲಸಕ್ಕೆ ನಾನೇ ಕೈಮುಗಿಯಬೇಕೆನಿಸಿತು. ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಎದುರಿನ ಅದ್ರಾಮನ ಹೋಟೆಲಿಗೆ ಚಹಾ ಕುಡಿಯಲು ಹೋದೆ.

ಮರಳಿ ಬಂದಾಗ ಬೊಳ್ಳು ಮೇಜಿನ ಅಡಿಯಲ್ಲಿ ಕಣ್ಣು ಮುಚ್ಚಿ, ಕೋಟಿನ ಎಡಗೈಯನ್ನು ಜಗಿಯುತ್ತಿತ್ತು. ಜಗಿಯುತ್ತಿತ್ತು ಎನ್ನುವುದಕ್ಕಿಂತ ಮುಗಿಸುತ್ತಿತ್ತು ಎನ್ನುವುದು ಸರಿ. ಮೊಣಕೈಯಿಂದ ಕೆಳಗೆ ಕೈಯೇ ಇರಲಿಲ್ಲ.

ನನ್ನ ಕೂಗಿಗೆ ವಾರಿಜಾಕ್ಷಿ ಒಳಗಿನಿಂದ ಬಂದಳು. ಕೋಟನ್ನು ಎತ್ತಿ ಮೂಸಿದಳು.

“ಒಣಮೀನಿನ ಚಟ್ನಿ,” ಎಂದಳು. “ಉಂಡು ಕೈ ಸರಿ ತೊಳೆಯದೆ ಹೊಲಿದದ್ದಲ್ಲವಾ ನೀವು? ಅದಕ್ಕೆ ಎಂತ ಗೊತ್ತು ಪಾಪ, ಕೋಟು ಯಾವುದು ಮೀನು ಯಾವುದು.”

ಸಂಜೆಯ ಬಸ್ಸಿಗೆ ಕುಶಾಲಪ್ಪ ಬರುವವನಿದ್ದ. ಓಡಿಹೋಗೋಣವೆಂದರೆ ಅವನು ಬರುವ ಬಸ್ಸೇ ನಾನು ಹೋಗುವ ಬಸ್ಸು. ಕುಳಿತು ಯೋಚಿಸಿದೆ. ಪತ್ರಿಕೆಯಲ್ಲಿ ಮಂತ್ರಿಗಳು ಕೈಯಿಲ್ಲದ ಕೋಟು ಹಾಕಿ ನಿಂತಿರುವ ಚಿತ್ರ ನೆನಪಾಯಿತು. ಕತ್ತರಿ ಹಿಡಿದೆ. ಅರ್ಧ ಉಳಿದಿದ್ದ ಎಡಗೈಯನ್ನು ಕಿತ್ತೆ. ಯಾವ ತಪ್ಪೂ ಮಾಡದ ಬಲಗೈಯನ್ನು ಕತ್ತರಿಸುವಾಗ ನನ್ನದೇ ಕೈ ಹೋದ ಹಾಗಾಯಿತು.

ಕುಶಾಲಪ್ಪ ಕೋಟನ್ನು ಎತ್ತಿ ಹಿಡಿದು ಈ ಕಡೆ ನೋಡಿದ, ಆ ಕಡೆ ನೋಡಿದ.

“ಟೈಲರೇ, ಇದಕ್ಕೆ ಕೈ ಎಲ್ಲುಂಟು?”

“ಈಗ ಯಾರು ಕೈ ಇಡಿಸುದು ಮಾರಾಯ್ರೆ? ದಿಲ್ಲಿಯಲ್ಲೆಲ್ಲ ಇದೇ ನಡೆಯುದು. ಮುಂಬಯಿಯ ಬಟ್ಟೆಗೆ ಹಳ್ಳಿ ಕೋಟು ಹೊಲಿದರೆ ನಿಮ್ಮ ಭಾವ ಎಂತ ಹೇಳಿಯಾರು?”

ಭಾವನ ಹೆಸರು ಕೆಲಸ ಮಾಡಿತು. ಉಳಿದ ಬಟ್ಟೆ ಕೇಳಿದ; ಬಲಗೈಯನ್ನು ಕೊಟ್ಟೆ. ಇನ್ನೊಂದು ಎಲ್ಲಿ ಎಂದಾಗ, ಅದು ಒಳಗೆ ಹೋಗಿದೆ ಎಂದೆ. (ಅಷ್ಟು ಮಾತ್ರ ನಿಜ.)

ಮದುವೆಗೆ ಹೋಗದೆ ವಿಧಿಯಿರಲಿಲ್ಲ. ವಾರಿಜಾಕ್ಷಿ ಹೆಂಗಸರ ಕಡೆ ಸೇರಿದಳು. ನಾನು, ಬೇಕಾದರೆ ಥಟ್ಟನೆ ಹೊರಬೀಳುವಂತೆ, ಚಪ್ಪರದ ಕಟ್ಟಕಡೆಯ ಕಂಬಕ್ಕೆ ಒರಗಿ ನಿಂತೆ. ಸೆಕೆಯೆಂದರೆ ಸೆಕೆ. ಪೂರ್ತಿ ಕೈಯ ಕೋಟು ಹಾಕಿದ ಹಿರಿಯರೆಲ್ಲ ಬೆವರಿ, ಬಿಸಿನೀರಿನ ಹಂಡೆಯಿಂದ ಎದ್ದವರಂತೆ ಕುಳಿತಿದ್ದರು. ಕುಶಾಲಪ್ಪ ಒಬ್ಬನೇ ತಣ್ಣಗಿದ್ದ. ಮದುಮಗಳ ಕಡೆಯವರು ಬಂದು ಕೋಟನ್ನು ಮುಟ್ಟಿ ನೋಡಿದರು, ಎಲ್ಲಿ ಹೊಲಿಸಿದ್ದೆಂದು ವಿಚಾರಿಸಿದರು. ಅವನು ಕೈ ಎತ್ತಿ ನನ್ನನ್ನು ತೋರಿಸಿದ. ನಾನು ಕಂಬ ಬಿಟ್ಟು ಮೆಲ್ಲನೆ ಮುಂದಿನ ಸಾಲಿಗೆ ಬಂದು ಕುಳಿತೆ. ಪಾಯಸ ಎರಡನೆಯ ಸಲ ತಾನಾಗಿ ಬಂತು. ಮರಳುವ ದಾರಿಯಲ್ಲಿ ವಾರಿಜಾಕ್ಷಿಗೆ ಕಲೆ, ಸಮಯಸ್ಫೂರ್ತಿ ಇತ್ಯಾದಿಗಳ ಬಗ್ಗೆ ಸಣ್ಣದೊಂದು ಉಪನ್ಯಾಸ ಕೊಟ್ಟೆ. ಅವಳು ಎದುರಾಡಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮರುವಾರ ಮದುಮಗಳ ಸೋದರಮಾವ ವೆಂಕಪ್ಪ ಗೌಡರು ಅಂಗಡಿಗೆ ಬಂದರು. ತಮಗೂ ಅಂಥದ್ದೇ ಒಂದು ಕೋಟು ಬೇಕೆಂದು ಬಟ್ಟೆ ತಂದಿದ್ದರು. ಜೊತೆಗೆ ಅದ್ರಾಮನ ಹೋಟೆಲಿನ ಒಂದು ಬನ್ನು. ಸಂಕೋಚದಿಂದಲೇ ಕೈ ಚಾಚಿದೆ. ಅವರು ನನ್ನನ್ನು ದಾಟಿ, ಬಾಗಿಲ ಬಳಿ ಮಲಗಿದ್ದ ಬೊಳ್ಳುವಿಗೆ ಬನ್ನು ಹಾಕಿ, ಅದರ ತಲೆ ಸವರಿ, “ಇದುವಾ ಅದು?” ಎಂದು ಕೇಳಿದರು.

ಅವರು ಹೋದ ಮೇಲೆ ವಾರಿಜಾಕ್ಷಿಯನ್ನು ತರಾಟೆಗೆ ತೆಗೆದುಕೊಂಡೆ. ತಾನು ಹೇಳಿದ್ದು ಮದುಮಗಳ ತಾಯಿಗೆ ಮಾತ್ರವೆಂದೂ, ಅದೂ ಕೈಯಿಲ್ಲದ ಕೋಟು ಯಾರ ಬುದ್ಧಿಯೆಂದು ಆಕೆಯೇ ಕೇಳಿದ್ದಕ್ಕೆಂದೂ ಅವಳು ತಿಳಿಸಿದಳು.

“ಮದುವೆ ಚಪ್ಪರದಲ್ಲಿ ಕೂತು ಸುಳ್ಳು ಹೇಳುದು ಹೇಗೆ?” ಎಂದಳು.

ನನ್ನ ಮಾನ ಉಳಿಯಬೇಕಾದರೆ ಕೆಲಸವೇ ಮಾತಾಡಬೇಕು ಎಂದು ನಿಶ್ಚಯಿಸಿದೆ. ಕೈಯನ್ನು ಎರಡೆರಡು ಸಲ ತೊಳೆದು, ಬೊಳ್ಳುವನ್ನು ಹಿತ್ತಿಲಲ್ಲಿ ಕಟ್ಟಿಹಾಕಿ, ವೆಂಕಪ್ಪ ಗೌಡರ ಕೋಟನ್ನು ಹೊಲಿದೆ. ಕಂಕುಳಿನ ಸುತ್ತು ತಟ್ಟೆಯ ಅಂಚಿನ ಹಾಗೆ ಬಂತು. ಅಂಥ ಕತ್ತರಿಕೆ ನನ್ನ ಆಯುಷ್ಯದಲ್ಲಿ ಮಾಡಿದ್ದಿಲ್ಲ.

ಗೌಡರು ಬಂದು ತೊಟ್ಟುಕೊಂಡು ಕನ್ನಡಿಯೆದುರು ನಿಂತರು. ತೋಳು ಎತ್ತಿದರು, ಇಳಿಸಿದರು, ಇನ್ನೊಮ್ಮೆ ಎತ್ತಿದರು.

“ಎಲ್ಲ ಸರಿ ಉಂಟು ಚೆನ್ನಪ್ಪಣ್ಣ. ಕಂಕುಳಲ್ಲಿ ಮಾತ್ರ ಸ್ವಲ್ಪ ಹಿಡಿಯುತ್ತದೆ. ಕುಶಾಲಪ್ಪನದ್ದು ನಾನು ಹಾಕಿ ನೋಡಿದ್ದೆ. ಅದರ ಎಡಗಡೆ ಒಳ್ಳೆ ಆರಾಮ ಇತ್ತು.”

ನಾನು ಅವರ ಎಡಗಂಕುಳಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದೆ.

“ನಾಯಿ ತೆಗೆದದ್ದು ಯಾವ ಕಡೆಯದ್ದು?”

ಎಡಗಡೆಯದ್ದು ಎಂದು ಹೇಳಬೇಕಾಯಿತು.

ಗೌಡರು ತಲೆದೂಗಿ, ಕೋಟು ಬಿಚ್ಚಿ, ಮಡಚಿ ನನ್ನ ಕೈಗಿತ್ತರು.

“ಹಾಗಾದರೆ ಇದನ್ನೂ ಒಮ್ಮೆ ಅದಕ್ಕೆ ತೋರಿಸಿ,” ಎಂದರು.