ದೊಡ್ಡಣ್ಣನಿಲ್ಲದ ಫ್ರಿಜ್ಜು

ಆ ಸೋಮವಾರ ಬೆಳಗ್ಗೆ ಮೆರ್ವಿನ್ ಟಾಲ್‌ಹರ್ಸ್ಟ್ ವಿಭಾಗದ ಚಹಾ ಕೋಣೆಯ ಫ್ರಿಜ್ಜು ತೆಗೆದ. ಒಳಗೆ ಹಾಲಿರಲಿಲ್ಲ. ಬೇರೆಯವರಾಗಿದ್ದರೆ ಹಾಲಿಲ್ಲದ ಚಹಾ ಕುಡಿದು ಸುಮ್ಮನಾಗುತ್ತಿದ್ದರು. ಮೆರ್ವಿನ್‌ಗೆ ಎದೆ ಧಸಕ್ಕೆಂದಿತು.

ಅವನು ಹೋಬಾರ್ಟ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ಹಿರಿಯ ಉಪನ್ಯಾಸಕ. ಪ್ರೊಫೆಸರ್ ಆಗುವ ಆಸೆಯಲ್ಲೇ ತಲೆ ಬೋಳಾಗಿತ್ತು. ಅವನ ಜೀವಮಾನದ ಸಿದ್ಧಾಂತ ಒಂದೇ: ಮೇಲೆ ಕೂತು ಗದರುವ ದೊಡ್ಡಣ್ಣನಿಲ್ಲದಿದ್ದರೂ ದೇಶಗಳು ತಮ್ಮ ತಮ್ಮ ಲಾಭಕ್ಕಾಗಿ ತಾವೇ ಹೊಂದಿಕೊಂಡು ಹೋಗುತ್ತವೆ. ಇದನ್ನೇ ಹಿಂದುಮುಂದು ಮಾಡಿ ಎರಡು ದಪ್ಪ ಪುಸ್ತಕ ಬರೆದಿದ್ದ. ಹೋದ ತಿಂಗಳ ಭಾಷಣದಲ್ಲಿ ಹುಮ್ಮಸ್ಸು ಜಾಸ್ತಿಯಾಗಿ, "ನಮ್ಮ ಚಹಾ ಕೋಣೇನೇ ನೋಡಿ. ಹಾಲು ತನ್ನಿ ಅಂತ ಯಾರೂ ಯಾರಿಗೂ ಹೇಳಲ್ಲ, ಆದ್ರೂ ಹಾಲು ಯಾವತ್ತೂ ಮುಗಿಯಲ್ಲ" ಎಂದುಬಿಟ್ಟಿದ್ದ. ಮುಂದಿನ ಸಾಲಿನಲ್ಲಿದ್ದ ಡೀನ್ ಜಾನೆಲ್ ತಲೆದೂಗಿದ್ದಳು.

ಹಾಲು ಮುಗಿಯದಿದ್ದದ್ದಕ್ಕೆ ಕಾರಣ ಬೇರೆ ಇತ್ತು. ಪ್ರತಿ ಸೋಮವಾರ ಎಲ್ಲರಿಗಿಂತ ಮೊದಲು ಬಂದು ಮೆರ್ವಿನ್ನೇ ಅದನ್ನು ಕದ್ದುಮುಚ್ಚಿ ತಂದಿಡುತ್ತಿದ್ದ. ಇವತ್ತು ಮಧ್ಯಾಹ್ನ ಪ್ರೊಫೆಸರ್ ಹುದ್ದೆಯ ಸಂದರ್ಶನ. ಉತ್ತರಗಳನ್ನು ಬಾಯಿಪಾಠ ಮಾಡುವ ಭರದಲ್ಲಿ ಹಾಲು ಮರೆತಿದ್ದ. ಅದಕ್ಕೂ ಮೊದಲು, ಹತ್ತೂವರೆಯ ಚಹಾದ ಹೊತ್ತಿಗೆ ಡೀನ್ ಆಯ್ಕೆ ಸಮಿತಿಯನ್ನು ಕರೆದುಕೊಂಡು ಆ ಪ್ರಸಿದ್ಧ ಫ್ರಿಜ್ಜನ್ನು ನೋಡಲು ಬರುವವಳಿದ್ದಳು.

ಅಂಗಡಿಗೆ ಓಡಲು ಹೊರಟವನನ್ನು ಬಾಗಿಲಲ್ಲೇ ತಡೆದವಳು ಬ್ರಾನ್ವಿನ್, ವ್ಯಾಪಾರ ಒಪ್ಪಂದಗಳ ಪಂಡಿತೆ. ಅವನ ಪೇಚು ಕೇಳಿ ಅವಳಿಗೆ ಮರುಕಕ್ಕಿಂತ ಖುಷಿಯೇ ಹೆಚ್ಚಾಯಿತು.

"ನಿನ್ನ ಕೈಯಲ್ಲಿ ಹಾಲಿನ ಬಾಟಲಿ ಯಾರಾದ್ರೂ ನೋಡಿದ್ರೆ ನೀನೇ ದೊಡ್ಡಣ್ಣ ಆಗ್ತೀಯ ಕಣಯ್ಯ. ಆಮೇಲೆ ಎರಡೂ ಪುಸ್ತಕ ರದ್ದಿಗೆ."

"ಹಾಗಾದ್ರೆ ನೀನೇ ತಾ ಮಾರಾಯ್ತಿ."

"ತರ್ತೀನಿ. ಸ್ಟಾವ್ರೋಸ್ ತಂದ್ರೆ."

ಪಕ್ಕದ ಕೋಣೆಯ ಸ್ಟಾವ್ರೋಸ್ ದೇಶಗಳ ಸಾಲದ ಬಗ್ಗೆ ಬರೆಯುವವನು. ಅವನು ಕುಡಿಯುವುದು ಹಾಲಿಲ್ಲದ ಕಾಫಿ. ತಾನು ಮುಟ್ಟದ ಹಾಲನ್ನು ತಾನೇಕೆ ತರಬೇಕೆಂದು ವಾದಕ್ಕೆ ನಿಂತ. ಕೊನೆಗೆ ಮೊದಲ ವರ್ಷದವರ ಪ್ರಬಂಧಗಳನ್ನೆಲ್ಲ ಮೆರ್ವಿನ್ನೇ ತಿದ್ದುವುದಾದರೆ ತರುತ್ತೇನೆಂದು ಒಪ್ಪಿದ. ಇದು ಕಿವಿಗೆ ಬಿದ್ದದ್ದೇ ಬ್ರಾನ್ವಿನ್ ತನ್ನ ಹಳೆಯ ಷರತ್ತನ್ನು ಹಿಂತೆಗೆದುಕೊಂಡು, ಪಾರ್ಕಿಂಗ್ ಸಮಿತಿಯಲ್ಲಿ ತನ್ನ ಬದಲು ಮೆರ್ವಿನ್ ಕೂರಬೇಕೆಂದಳು. ಸುದ್ದಿ ಹಬ್ಬಿತು. ಮೆರ್ವಿನ್ ನಡೆದಲ್ಲೆಲ್ಲ ಬಾಗಿಲುಗಳು ಅರ್ಧ ತೆರೆದುಕೊಂಡವು. ಹಾಲು ತರಬೇಕಾದರೆ ಒಬ್ಬರಿಗೆ ಬೆಳಗಿನ ತರಗತಿ ಅವನ ತಲೆಗೆ ಕಟ್ಟಬೇಕು, ಇನ್ನೊಬ್ಬರಿಗೆ ಅವನ ಕಿಟಕಿಯಿರುವ ಕೋಣೆ ಬೇಕು. ಯಾರಾದರೂ ಕೈಕೊಟ್ಟರೆ ಎಂಬ ಭಯಕ್ಕೆ ಅವನು ಎಲ್ಲರಿಗೂ ಹೂಂ ಅಂದ. ವ್ಯಾಪಾರ ಮಾತುಕತೆಗಳು ವರ್ಷಗಟ್ಟಲೆ ಏಕೆ ಎಳೆಯುತ್ತವೆ ಎಂಬುದು ಅವನಿಗೆ ಅಂದೇ ಅರ್ಥವಾದದ್ದು.

ಹತ್ತೂವರೆಗೆ ಡೀನ್ ಬಂದು ಫ್ರಿಜ್ಜಿನ ಬಾಗಿಲು ಎಳೆದಳು. ಮದುವೆ ಮನೆಯ ಉಗ್ರಾಣದಂತೆ ಹಾಲಿನ ಬಾಟಲಿಗಳಿಂದ ತುಂಬಿದ್ದ ಅದರೊಳಗಿಂದ ಎರಡು ಲೀಟರಿನ ಬಾಟಲಿಯೊಂದು ಜಾರಿ ಅವಳ ಬೂಟಿನ ಮೇಲೆ ಬಿತ್ತು. ಮೆರ್ವಿನ್ ಕಣ್ಣು ಮುಚ್ಚಿಕೊಂಡ. ಡೀನ್ ಮಾತ್ರ ಕಾಲು ಉಜ್ಜಿಕೊಳ್ಳುತ್ತಲೇ ನಕ್ಕಳು.

"ಇಷ್ಟೊಂದು ತರೋಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ," ಎಂದರು ವಿಭಾಗದವರೆಲ್ಲ ಒಂದೇ ದನಿಯಲ್ಲಿ. ಕೊಟ್ಟ ಮಾತಿಗೆ ತಪ್ಪದ ಸಹೋದ್ಯೋಗಿಗಳಿಗೆ ಮೆರ್ವಿನ್ ಕಣ್ಣಲ್ಲೇ ಕೈಮುಗಿದ.

ಮಧ್ಯಾಹ್ನ ಸಂದರ್ಶನದಲ್ಲಿ ಅವನಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಮಿತಿಯವರೆಲ್ಲ ಆಗಲೇ ಅಭಿನಂದಿಸುವ ಮುಖ ಹೊತ್ತು ಕೂತಿದ್ದರು. ಮೆರ್ವಿನ್ ಮನಸ್ಸಿನಲ್ಲೇ ತನ್ನ ಬಾಗಿಲಿಗೆ ಹೊಸ ಫಲಕ ತೂಗುಹಾಕಿದ.

"ಮೆರ್ವಿನ್, ನಿಜ ಹೇಳ್ತೀನಿ," ಎಂದಳು ಡೀನ್. "ನಿಮ್ಮ ವಿಭಾಗವನ್ನ ನಡೆಸೋಕೆ ಒಬ್ಬ ಪ್ರೊಫೆಸರ್ ಬೇಕೇ ಬೇಕು ಅಂತ ನಾನು ಮೇಲಿನವರ ಹತ್ರ ಜಗಳ ಆಡಿ ಈ ಹುದ್ದೆ ತಂದಿದ್ದೆ. ಇವತ್ತು ನನ್ನ ಕಣ್ಣು ತೆರೀತು. ನೀವು ಇಷ್ಟು ವರ್ಷ ಹೇಳ್ತಿದ್ದದ್ದೇ ಸರಿ. ಮೇಲೆ ಯಾರೂ ಇಲ್ಲದೇನೇ ನೀವೆಲ್ಲ ಇಷ್ಟು ಚೆನ್ನಾಗಿ ನಡ್ಕೊಂಡು ಹೋಗ್ತಿದ್ದೀರಿ. ಅದಕ್ಕೇ ಆ ಹುದ್ದೇನ ರದ್ದು ಮಾಡಿದ್ವಿ."

ಬಾಯಿ ಬಿಟ್ಟು ನಿಜ ಹೇಳಿದರೆ ಹುದ್ದೆಯೇನೋ ಉಳಿಯುತ್ತಿತ್ತು. ಆದರೆ ಬದುಕಿಡೀ ಸುಳ್ಳು ಸಿದ್ಧಾಂತ ಬರೆದವನಿಗೆ ಅದನ್ನು ಯಾರು ಕೊಡುತ್ತಾರೆ? ಮೆರ್ವಿನ್‌ಗೆ ಅಳಬೇಕೆನ್ನಿಸಿತು.

"ಏನಾದ್ರೂ ಹೇಳೋದಿದ್ಯಾ?" ಎಂದಳು ಡೀನ್.

"ಇಲ್ಲ," ಎಂದ ಮೆರ್ವಿನ್. "ನೀವೇ ಕಣ್ಣಾರೆ ನೋಡಿದ್ದೀರಲ್ಲ."