ಗೊಂಬೆಗಳ ಹಾಜರಿ

ನನ್ನ ನೆಗೆಣ್ಣಿ ಬಾಗಿಲಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ನಮ್ಮ ಮನೆಯಲ್ಲಿ ಮೊದಲು ಎದ್ದು ನಿಲ್ಲುವವರು ನಾವಲ್ಲ. ನನ್ನ ಮಗಳ ಗೊಂಬೆಗಳು! ನಂಬುವುದಿಲ್ಲವೇ? ಹಾಗಾದರೆ ಒಂದು ಸಂಜೆ ಐದಕ್ಕೆ ಸರಿಯಾಗಿ ತೆಲುಗು ನಾಡಿನ ಗಡಿಯ ಮಕ್ತಲ್‌ನ ನಮ್ಮ ಮನೆಗೆ ಬನ್ನಿ. ಜೊತೆಗೆ ಮಕ್ಕಳಿದ್ದರೆ ಅವರ ಜೇಬುಗಳನ್ನು ಮೊದಲೇ ಖಾಲಿ ಮಾಡಿಸಿಕೊಂಡು ಬನ್ನಿ. ಒಳಗೆ ಬಂದ ಸಾಮಾನೆಲ್ಲ ಹೊರಗೆ ಹೋಗುತ್ತದೆಂಬ ಭರವಸೆಯನ್ನು ನಾನಂತೂ ಕೊಡಲಾರೆ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಅಂಗಳ, ಎರಡು ಮನೆ. ಮುಂದಿನದು ಅವರದು, ಹಿಂದಿನದು ನಮ್ಮದು. ಗದ್ವಾಲದ ಹೆಣ್ಣುಮಗಳು. ತಂದೆ ಅಲ್ಲಿನ ತಹಶೀಲ ಕಚೇರಿಯಲ್ಲಿ ಜವಾನರಾಗಿದ್ದರಂತೆ. ಜವಾನರ ಮಗಳದೇ ಇಷ್ಟು ದರ್ಬಾರು. ತಹಶೀಲ್ದಾರರ ಮಗಳಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು! ಆಕೆಯ ಶಾಲೆ ಏಳನೆಯ ತರಗತಿಗೆ ನಿಂತುಹೋಯಿತು. ತಂದೆಯ ಕಚೇರಿ ಮಾತ್ರ ತಲೆಯೊಳಗೆ ಇವತ್ತಿಗೂ ದಿನಾ ಬಾಗಿಲು ತೆರೆಯುತ್ತದೆ. ಅದಕ್ಕೆ ರವಿವಾರದ ರಜೆಯೂ ಇಲ್ಲ.

ಒಂದು ವರ್ಷದಿಂದ ದಿನಾ ಸಂಜೆ ಐದಕ್ಕೆ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಾಳೆ. ಎದುರಿಗೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗಳು. ನಾಲ್ಕೂವರೆ ವರ್ಷದ ನನ್ನ ಮಗಳು ತನ್ನ ಗೊಂಬೆಗಳನ್ನೂ ಬಣ್ಣದ ಕಡ್ಡಿಗಳನ್ನೂ ಮುರುಕು ಮೋಟಾರುಗಳನ್ನೂ ಸಾಲಾಗಿ ನಿಲ್ಲಿಸುತ್ತಾಳೆ. ಆಮೇಲೆ ಶುರುವಾಗುತ್ತದೆ ಹಾಜರಿ.

"ಆನಿ?"

"ಹಾಜರ್!" ಮಗಳು ಆನೆಯ ಪರವಾಗಿ, ದಪ್ಪ ದನಿಯಲ್ಲಿ.

"ಆನಿ ಮರಿ?"

"ಹಾಜರ್." ಸಣ್ಣ ದನಿ.

"ಕೆಂಪು ಬಸ್ಸು?"

"ಪೋಂ ಪೋಂ!"

"ಪೋಂ ಪೋಂ ಅಂದ್ರ ನಡ್ಯಂಗಿಲ್ಲ. ಹಾಜರ್ ಅನ್ನಬೇಕು. ಸರ್ಕಾರಿ ಬಸ್ಸದು."

ಹಾಜರಾದವರು ತಮ್ಮ ತಮ್ಮ ಡಬ್ಬಿಗೆ. ಕೈಕಾಲು ಮುರಿದವರು 'ದವಾಖಾನಿ' ಡಬ್ಬಿಗೆ. ಮೂರು ದಿನ ಯಾರೂ ಮುಟ್ಟದ ಸಾಮಾನು 'ರವಾನಿ' ಡಬ್ಬಿಗೆ. ಅದು ಶನಿವಾರ ಅಂಗನವಾಡಿಗೆ ಹೋಗುತ್ತದೆ. ಕಳಿಸುವುದು ಬೇಡ ಎನ್ನುವುದಾದರೆ ಮಗಳು ದರ್ಖಾಸ್ತು ಹಾಕಿಕೊಳ್ಳಬೇಕು. ಎದ್ದು ನಿಂತು, ಕೈಕಟ್ಟಿ, ಬಾಯಿಮಾತಿನಲ್ಲಿ. ಒಮ್ಮೆ ತಲೆ ಕಳೆದುಕೊಂಡ ಗೊಂಬೆಯೊಂದರ ವಿಚಾರಣೆ ನಡೆಯಿತು.

"ಇದಕ್ಕ ತಲಿನ ಇಲ್ಲಲ್ಲವ್ವಾ. ಯಾಕ ಇಟಗೋಬೇಕು?"

"ತಲಿ ಇಲ್ಲ ದೊಡ್ಡವ್ವಾ, ಅದಕ್ಕ ಹೇನೂ ಇಲ್ಲ. ಬಾಚಾಕ ಕುಂತ್ರ ಅಳೂದೂ ಇಲ್ಲ. ಭಾಳ ಛಲೋ ಹುಡುಗಿ ಐತಿ. ಇರ್ಲಿ."

ನೆಗೆಣ್ಣಿ ಗಲ್ಲಕ್ಕೆ ಬೆರಳಿಟ್ಟು ತುಸು ಹೊತ್ತು ವಿಚಾರ ಮಾಡಿದಳು. "ಮಂಜೂರು."

ನೀವು ನಗುತ್ತೀರಿ. ನಗಿ, ನಗಿ! ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗು ಇನ್ನೊಬ್ಬಳ ಮುಂದೆ ಹಾಗೆ ಕೈಕಟ್ಟಿ ನಿಂತಿದ್ದರೆ ತಿಳಿಯುತ್ತಿತ್ತು. ನಾನು "ಸಾಮಾನು ಎತ್ತಿಡವ್ವಾ" ಎಂದು ಹತ್ತು ಸಲ ಹೇಳಿದರೆ ಮಗಳು ತಲೆಯನ್ನೂ ಎತ್ತುವುದಿಲ್ಲ. "ಐದಕ್ಕ ದೊಡ್ಡವ್ವ ಬರ್ತಾಳಲ್ಲ" ಎನ್ನುತ್ತಾಳೆ. ಬೆಳಗ್ಗೆ ಕಣ್ಣು ಬಿಟ್ಟರೆ "ದೊಡ್ಡವ್ವ ಎಲ್ಲಿ?" ಬಿದ್ದು ಮೊಣಕಾಲು ತರಚಿದರೆ "ದೊಡ್ಡವ್ವಾ!" ನಾನು ಯಾರು ಹಾಗಾದರೆ? ಮಹಬೂಬ್‌ನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ಮಕ್ಕಳ ಮನಸ್ಸಿನ ಬಗ್ಗೆ ಫೋನಿನಲ್ಲಿ ಗಂಟೆಗಟ್ಟಲೆ ವಿಡಿಯೋ ನೋಡಿದವಳು. ಆ ವಿಡಿಯೋಗಳಲ್ಲಿ ತಾಯಿ ಮೆಲ್ಲಗೆ ನಕ್ಕರೆ ಮಗು ತಾನಾಗಿಯೇ ಆಟಿಗೆಗಳನ್ನು ಬಿಳಿ ಕಪಾಟಿನಲ್ಲಿ ಜೋಡಿಸುತ್ತದೆ. ನಾನೂ ಮೆಲ್ಲಗೆ ನಕ್ಕು ನೋಡಿದೆ. "ಅವ್ವಾ, ಹಲ್ಲು ನೋಯ್ತದೇನು?" ಎಂದಳು ಮಗಳು.

ಸುಮ್ಮನೆ ಕೂರುವವಳಲ್ಲ ನಾನು. ನಾರಾಯಣಪೇಟೆಗೆ ಹೋಗಿ, ಒಳಗಿನದೆಲ್ಲ ಕಾಣುವಂಥ ಹನ್ನೆರಡು ಪ್ಲಾಸ್ಟಿಕ್ಕಿನ ಡಬ್ಬಗಳನ್ನು ತಂದೆ. ಬಸ್ಸಿನಲ್ಲಿ ತೊಡೆಯ ಮೇಲೆ ಆರು, ಕಾಲ ಬುಡದಲ್ಲಿ ಆರು. ಪ್ರತಿಯೊಂದಕ್ಕೂ ಚೀಟಿ ಬರೆದು ಅಂಟಿಸಿದೆ: ಗೊಂಬೆ, ಬಣ್ಣ, ಚೆಂಡು, ಮೋಟಾರು. ನೆಗೆಣ್ಣಿ ಬಂದು ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದಳು.

"ಛಲೋ ಅದಾವ ತಂಗಿ. ಒಳಗಿಂದೆಲ್ಲಾ ಹೊರಗಽ ಕಾಣ್ತೈತಿ."

ನಾನು ಉಬ್ಬಿಹೋದೆ.

"ಮತ್ತ ಹೆಸರು ಯಾಕ ಬರದಿ?"

ಅಷ್ಟಕ್ಕೇ ಬಿಟ್ಟಳೇ? ಹನ್ನೆರಡರಲ್ಲಿ ನಾಲ್ಕು ಡಬ್ಬಗಳನ್ನು ಮೂರು ದಿನ ಯಾರೂ ಮುಟ್ಟಲಿಲ್ಲವೆಂದು ಶನಿವಾರ ಅವುಗಳನ್ನೇ ಅಂಗನವಾಡಿಗೆ ರವಾನೆ ಮಾಡಿದಳು! ನನ್ನವರ ಹತ್ತಿರ ದೂರಿಕೊಂಡರೆ, "ವೈನಿ ಹೇಳೂದು ಬರೋಬ್ಬರಿ ಐತಲ್ಲ, ಜಾಗ ಆತು" ಎಂದು ಅತ್ತಿಗೆಯ ಪರ ವಹಿಸಿ ಪೇಪರಿನ ಹಿಂದೆ ಅಡಗಿಕೊಂಡರು.

ಮಗಳ ಬಟ್ಟೆಗಳ ವಿಲೇವಾರಿಯೂ ಆಕೆಯದೇ. ಅಂಗಳದಲ್ಲಿ ಮಗಳ ಹೆಗಲೆತ್ತರಕ್ಕೆ ಕಟ್ಟಿದ ಹಗ್ಗಕ್ಕೆ ಫ್ರಾಕುಗಳನ್ನೆಲ್ಲ ಸಾಲಾಗಿ ನೇತುಹಾಕಿ, ಒಂದೊಂದರ ಹಿಂದೆಯೂ ಮಗಳನ್ನು ನಿಲ್ಲಿಸುವುದು. ಮೊಣಕಾಲು ಕಂಡರೆ ಆ ಫ್ರಾಕಿನ ನೌಕರಿ ಮುಗಿಯಿತು. ಮಗಳು ಆರು ತಿಂಗಳಿದ್ದಾಗ ತೊಟ್ಟಿದ್ದ ಹಳದಿ ಅಂಗಿಯೊಂದನ್ನು ನಾನು ನನ್ನ ಸೀರೆಗಳ ಅಡಿಯಲ್ಲಿ ಮುಚ್ಚಿಟ್ಟಿದ್ದೆ. ಅದೂ ಸಿಕ್ಕಿತು. ಅಂಗೈಯಗಲದ ಆ ಅಂಗಿಯನ್ನು ನನ್ನ ಎದೆಗೆ ಹಿಡಿದು, ಹಿಂದೆ ಸರಿದು, ಕಣ್ಣು ಸಣ್ಣಗೆ ಮಾಡಿ ಅಳತೆ ನೋಡಿದಳು.

"ನಿನಗ ಬರ್ತೈತೇನ?"

ಅವತ್ತು ಚಹ ಕುಡಿಯಲು ಬಂದಿದ್ದ ಓಣಿಯ ಹೆಣ್ಣುಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯ ತೆಲುಗಿನಾಕೆ ನೆಗೆಣ್ಣಿಯ ಡಬ್ಬಿಗಳ ಸಾಲನ್ನು ಫೋನಿನಲ್ಲಿ ಹಿಡಿದುಕೊಂಡು, "ಅಬ್ಬಾ, ಎಂತ ಬಾಗಾ ಸರ್ದಿಂದಮ್ಮಾ!" ಎಂದು ಹೊಗಳಿದಳು. ಎಷ್ಟು ಚೆಂದ ಜೋಡಿಸಿದ್ದಾಳಂತೆ! ಮನೆ ನನ್ನದು, ಮಗಳು ನನ್ನವಳು, ಚಹವೂ ನನ್ನದೇ. ಹೊಗಳಿಕೆ ಮಾತ್ರ ಆಕೆಗೆ.

ಆದ್ದರಿಂದ ಮಾಗನೂರಿನಲ್ಲಿ ತನ್ನ ಸಂಬಂಧಿಕರ ಬಸುರಿ ಹುಡುಗಿಯ ಕುಬಸಕ್ಕೆಂದು ಆಕೆ ಹೊರಟು ನಿಂತ ದಿನ ನನಗೆ ಹಬ್ಬ.

"ಸಂಜಿ ಹಾಜರಿಗೆ ಬಂದಬಿಡ್ತೀನಿ."

"ಗಡಿಬಿಡಿ ಮಾಡಬ್ಯಾಡ್ರಿ ಅಕ್ಕಾ. ಆರಾಮ ಉಂಡು, ನಾಳಿಗೆ ಬರ್ರಿ" ಎಂದೆ. ನನ್ನ ದನಿಯ ಸಕ್ಕರೆಗೆ ನನಗೇ ಇರುವೆ ಮುತ್ತಬೇಕಿತ್ತು.

ಆಕೆಯ ಬಸ್ಸು ಹೊರಟಿತೋ ಇಲ್ಲವೋ, ತಗಡಿನ ಡಬ್ಬಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದೆ. ಎಲ್ಲವನ್ನೂ ವಿಡಿಯೋದಲ್ಲಿ ಹೇಳಿದ ಹಾಗೆಯೇ ಮಾಡಿದೆ. ಗೋಡೆಯ ಕಪಾಟಿನಲ್ಲಿ ಬಣ್ಣಕ್ಕೆ ತಕ್ಕಂತೆ ಜೋಡಿಸಿದೆ. ಸಾಮಾನು ಎತ್ತಿಡುವ ಮುನ್ನ ಬ್ಯಾಟರಿ ತೆಗೆಯಬೇಕು, ಇಲ್ಲದಿದ್ದರೆ ಸೋರಿ ಆಟಿಗೆ ಕೆಡುತ್ತದೆ ಎಂದು ವಿಡಿಯೋದ ಆ ಹೆಂಗಸು ಹೇಳಿದ್ದಳು. ಸರಿ, ಸ್ಕ್ರೂಡ್ರೈವರ್ ತಂದು ನಾಲ್ಕು ಆಟಿಗೆಗಳ ಬೆನ್ನು ಬಿಚ್ಚಿದೆ. ಅಂಗಿಯ ದೊಡ್ಡ ಗುಂಡಿಯಷ್ಟಿರುವ ನಾಲ್ಕು ಬ್ಯಾಟರಿ ಬಿಲ್ಲೆಗಳು ಬಂದವು. ಸ್ಟೀಲಿನ ಬಟ್ಟಲಲ್ಲಿ ಹಾಕಿ ಕಪಾಟಿನ ಕೆಳಗಿನ ಖಾನೆಯಲ್ಲಿಟ್ಟೆ. ನೆಲದಿಂದ ಒಂದು ಗೇಣು ಎತ್ತರ. ಫಳಫಳ ಹೊಳೆಯುತ್ತಿದ್ದವು.

ಇಲ್ಲಿಯವರೆಗೆ ನಗುನಗುತ್ತ ಬರೆದೆ. ಇಲ್ಲಿ ಬಂದಾಗಲೆಲ್ಲ ನಿಲ್ಲುತ್ತೇನೆ. ಬಟ್ಟಲಿಗೆ ಬಿಲ್ಲೆ ಬಿದ್ದ ಆ ಟಿಣ್ ಟಿಣ್ ಸದ್ದು ಈಗಲೂ ಕಿವಿಯಲ್ಲಿದೆ. ಅಡುಗೆಮನೆಯಲ್ಲಿ ಚಮಚ ಬಿದ್ದರೂ ಎದ್ದು ಓಡಿಹೋಗಿ ಮಗಳ ಬಾಯಿ ತೆರೆಸಿ ನೋಡುತ್ತೇನೆ. ಆ ಬಟ್ಟಲಿಗೆ ಬೆನ್ನು ಮಾಡಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕಪಾಟಿನ ಫೋಟೋ ಹಿಡಿದು, ಅವುಗಳಲ್ಲಿ ಚೆನ್ನಾಗಿರುವುದು ಯಾವುದೆಂದು ಆರಿಸುತ್ತಿದ್ದೆ! ಓಣಿಯವರಿಗೆಲ್ಲ ಕಳಿಸಬೇಕಿತ್ತಲ್ಲ.

ಐದಕ್ಕೆ ಬಾಗಿಲಲ್ಲಿ ಕೆಮ್ಮು. ಬಂದೇ ಬಿಟ್ಟಳು! ಕಪಾಟು ನೋಡಿದಳು, ನನ್ನನ್ನು ನೋಡಿದಳು. ಚಾಪೆ ಹಾಸಿದಳು.

"ಬೆಳಕಿನ ಬುಗುರಿ?"

ಮಗಳು ಮಾತಾಡಲಿಲ್ಲ. ನೆಗೆಣ್ಣಿ ತಾನೇ ಬುಗುರಿ ಎತ್ತಿಕೊಂಡು ತಿರುವಿ ನೋಡಿದಳು. "ಇದರ ಬೆನ್ನು ಸಡಲ ಆಗೇತಿ. ಒಳಗಿನ ಬಿಲ್ಲೆ ಎಲ್ಲಿ?"

"ಬಟ್ಟಲದಾಗ ಅದಾವಕ್ಕಾ. ನಾಕೂ ನಾನಽ ತಗದಿಟ್ಟೀನಿ. ಹಂಗ ತಗದಽ ಇಡಬೇಕಂತ" ಎಂದೆ, ಓದಿದವಳ ಬಿಗುವಿನಲ್ಲಿ.

ಬಟ್ಟಲು ಎಳೆದುಕೊಂಡಳು. "ಮೂರು ಅದಾವ."

"ಎಲ್ಲ್ಯಾರ ಉರುಳಿರಬೇಕು ಬಿಡ್ರಿ. ಒಂದು ಬಿಲ್ಲೆಗೆ ಇಷ್ಟು ಪಂಚಾಯ್ತಿ ಯಾಕ?"

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಕಡೆಗೂ ಆಕೆಯ ಹಾಜರಿಯಲ್ಲಿ ಒಂದು ಗೈರುಹಾಜರಿ!

ಆಕೆ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಮಗಳನ್ನೇ ನೋಡುತ್ತಿದ್ದಳು. ಮಂಡಾಳು, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಎಂದರೆ ಪ್ರಾಣ ಬಿಡುವ ಹುಡುಗಿ ಎದುರಿಗಿಟ್ಟ ತಟ್ಟೆಯಲ್ಲಿ ಒಂದು ಕಾಳನ್ನೂ ಮುಟ್ಟಿರಲಿಲ್ಲ. ಗಲ್ಲದಿಂದ ಜೊಲ್ಲು ಇಳಿದು ಫ್ರಾಕಿನ ಎದೆ ಒದ್ದೆಯಾಗಿತ್ತು. ನೆಗಡಿ ಇರಬೇಕೆಂದು ನಾನು ಎರಡು ಸಲ ಒರೆಸಿ ಸುಮ್ಮನಾಗಿದ್ದೆ.

ನೆಗೆಣ್ಣಿ ಚಾಪೆಯ ಮೇಲೆಯೇ ಮುಂದೆ ಜರುಗಿ, ದಿನದ ಹಾಗೆಯೇ ಕೇಳಿದಳು. "ನಾಕನೇ ಬಿಲ್ಲೆ?"

ಮಗಳು ಕುತ್ತಿಗೆಯ ಕೆಳಗೆ ಬೆರಳಿಟ್ಟುಕೊಂಡು, ಕೇಳಿಯೂ ಕೇಳದ ದನಿಯಲ್ಲಿ ಹೇಳಿದಳು. "ಹಾಜರ್."

ಮುಂದಿನದೆಲ್ಲ ನನಗೆ ತುಂಡು ತುಂಡಾಗಿ ನೆನಪಿದೆ. ನಾನು ಬಾಳೆಹಣ್ಣು ತಿನ್ನಿಸಲು ಓಡಿದ್ದು, ಆಕೆ ಅದನ್ನು ಕೈಯಿಂದ ಕಿತ್ತುಕೊಂಡದ್ದು. ಓಣಿಯ ತುದಿಯ ಡಾಕ್ಟರು ಕೇಳಿದ ಕೂಡಲೇ ಎದ್ದು ನಿಂತು, "ಏನೂ ತಿನ್ನಿಸಬ್ಯಾಡ್ರಿ, ನೀರೂ ಕುಡಿಸಬ್ಯಾಡ್ರಿ, ಸೀದಾ ರಾಯಚೂರಿಗೆ ನಡೀರಿ" ಎಂದದ್ದು. ನನ್ನವರು ಕಾರು ಓಡಿಸಿದರು. ಮಗಳನ್ನು ನೆಟ್ಟಗೆ ಕೂರಿಸಿಕೊಂಡು ನೆಗೆಣ್ಣಿ ಹಿಂದೆ ಕುಳಿತಳು. ನಾನು ಪಕ್ಕದಲ್ಲಿ ಮಗಳ ಪಾದ ಹಿಡಿದುಕೊಂಡು ಕೂತೆ. ನನ್ನ ಪಾಲಿಗೆ ಸಿಕ್ಕಿದ್ದು ಪಾದಗಳು. ಅಂಥ ಹೊತ್ತಿನಲ್ಲೂ ಅದು ನನಗೆ ಚುಚ್ಚಿತು ನೋಡಿ, ಎಂಥ ಹೊಟ್ಟೆಕಿಚ್ಚು ನನ್ನದು!

ಕೃಷ್ಣೆಯ ಸೇತುವೆಯ ಮೇಲೆ ಮುಂದಿದ್ದ ಭತ್ತದ ಲಾರಿ ದಾರಿ ಬಿಡಲೊಲ್ಲದು.

"ಹಾರನ್ ಹೊಡಿಯಪ್ಪಾ! ಕೈ ಇಲ್ಲೇನು ನಿನಗ?"

"ಹೊಡ್ಯಾಕ ಹತ್ತೀನಿ ವೈನಿ, ಅವ ಕೇಳವಲ್ಲ."

ಆಕೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ ಕೂಗಿಗೆ ಲಾರಿ ಪಕ್ಕಕ್ಕೆ ಸರಿಯಿತು. ಕೆಳಗೆ ಹೊಳೆ ಕೂಡ ಒಂದಿಷ್ಟು ಸರಿದಿರಬೇಕು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ನನ್ನ ಮಗಳ ಪುಟ್ಟ ಎಲುಬುಗಳ ನಡುವೆ ಒಂದು ದುಂಡನೆಯ ಚಂದ್ರ. ಡಾಕ್ಟರು ಬಾಯಿ ತೆರೆಯುವ ಮೊದಲೇ ನೆಗೆಣ್ಣಿ ಸೆರಗಿನ ಗಂಟು ಬಿಚ್ಚಿ, ಉಳಿದ ಮೂರರಲ್ಲಿ ಒಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. "ಇಂಥಾದ್ದಽ ನುಂಗ್ಯಾಳ್ರಿ ಸಾಹೇಬ್ರ."

ಡಾಕ್ಟರು ಆಕೆಯನ್ನೊಮ್ಮೆ ನೋಡಿದರು. "ಛಲೋ ಮಾಡಿದ್ರಿ. ರಾತ್ರಿತನಕಾ ಬಿಟ್ಟಿದ್ರ ಅನ್ನದ ನಾಳ ಸುಟ್ಟು ತೂತು ಬೀಳ್ತಿತ್ತು. ಆಟಿಗಿ ಒಳಗಿಂದ ಇದನ್ನ ಹೊರಗ ತಗದಾವ್ರು ಯಾರು?"

ನೆಗೆಣ್ಣಿ ನನ್ನ ಕಡೆ ತಿರುಗಲಿಲ್ಲ. "ನಾನು" ಎಂದೆ.

ಡಾಕ್ಟರು ಬರೆದುಕೊಳ್ಳುತ್ತಿದ್ದರು. ನೆಗೆಣ್ಣಿ ಮೇಜಿನ ಮೇಲೆ ಬಾಗಿದಳು. "ಒಬ್ಬರ ಹೆಸರು ಯಾಕ್ರಿ ಕಾಗದದಾಗ? ಮನಿಯವರು ಅಂತ ಬರಕೊಳ್ರಿ."

ಮಗಳನ್ನು ಒಳಗೆ ಕರೆದೊಯ್ದರು. ನನ್ನವರು ದುಡ್ಡು ಕಟ್ಟುವ ಸಾಲಿನಲ್ಲಿದ್ದರು; ಬಾಗಿಲ ಹೊರಗಿನ ಬೆಂಚಿನ ಮೇಲೆ ನಾನು, ನೆಗೆಣ್ಣಿ ಇಬ್ಬರೂ ಕುಳಿತೆವು. ಎಷ್ಟು ಹೊತ್ತೋ ತಿಳಿಯದು. ಆಕೆ ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಡೆಗೆ ನರ್ಸು ಹೊರಗೆ ಬಂದು, "ತಗದ್ರು. ಆರಾಮ ಅದಾಳ. ಎಚ್ಚರಾಗೇತಿ" ಎಂದಳು. "ದೊಡ್ಡವ್ವ, ದೊಡ್ಡವ್ವ ಅನ್ನಾಕ ಹತ್ಯಾಳ. ಯಾರ್ರಿ ದೊಡ್ಡವ್ವ? ಒಬ್ಬರಽ ಬರ್ರಿ ಮತ್ತ."

ಎದೆಯಲ್ಲಿ ಹಳೆಯ ಮುಳ್ಳು ಚುರ್ ಎಂದಿತು. ಗಂಟಲು ಸುಟ್ಟುಕೊಂಡು ಎದ್ದ ಮಗುವಿಗೆ ಆಗಲೂ ಬೇಕಾದವಳು ನಾನಲ್ಲ. ಆದರೆ ನನ್ನ ನೆಗೆಣ್ಣಿ ಬೆಂಚು ಬಿಟ್ಟು ಏಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎದುರಿನ ಗೋಡೆಯನ್ನೇ ನೋಡುತ್ತ, ನನ್ನತ್ತ ಬೊಟ್ಟು ಮಾಡಿದಳು.

"ಈಕಿನ ನೋಡ್ರಿ ದೊಡ್ಡವ್ವ. ಹೋಗವ್ವಾ, ಕರೀತೈತಿ ಕೂಸು."

ನಾನು ಎದ್ದು ಬಾಗಿಲತನಕ ಹೋದೆ. ಕದದ ಸಂದಿಯಿಂದ ಮಗಳು ಕಾಣುತ್ತಿದ್ದಳು. ಬಿಳಿ ಹಾಸಿಗೆ, ಸಣ್ಣ ಮುಖ, ಬಾಗಿಲ ಕಡೆಗೇ ನೋಟ. ಒಂದು ವರ್ಷದಿಂದ ನಾನು ಹಂಬಲಿಸಿದ ಜಾಗ ಅದು. ಯಾರೂ ಅಡ್ಡವಿಲ್ಲದೆ ತೆರೆದಿತ್ತು. ಹೊರಳಿ ನೋಡಿದೆ. ಸೆರಗಿನ ಮರೆಯಲ್ಲಿ ಆಕೆಯ ಗಲ್ಲ ನಡುಗುತ್ತಿತ್ತು.

ವಾಪಸು ಬಂದು ಆಕೆಯ ಪಕ್ಕದಲ್ಲೇ ಕುಳಿತೆ. ನಾನೂ ತಲೆಯ ಮೇಲೆ ಸೆರಗು ಎಳೆದುಕೊಂಡೆ. ನಾನೂ ಗೋಡೆ ನೋಡಿದೆ.

"ಸಿಸ್ಟರ್, ಸುಳ್ಳು ಹೇಳ್ತಾಳ್ರಿ ಈಕಿ" ಎಂದೆ. "ಕೂಸಿನ ತಾಯಿ ಈಕಿನ. ಒಳಗ ಕರಕೊಂಡು ಹೋಗ್ರಿ."

"ಹುಚ್ಚಿ!" ಎಂದಳು ನೆಗೆಣ್ಣಿ. ಎದ್ದಳು. ಆಗ ನೋಡಿದೆ: ಆಕೆಯ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಆ ಇನ್ನೊಂದು ಚಪ್ಪಲಿ ಮನೆಯಲ್ಲೇ ಉಳಿದಿತ್ತೋ, ದಾರಿಯಲ್ಲಿ ಬಿತ್ತೋ, ಆಕೆಗೆ ಗೊತ್ತೇ ಇರಲಿಲ್ಲ. ಹಾಗೆಯೇ ಒಳಗೆ ಓಡಿದಳು.