ಮಿಲೊಡಾನ್‌ನ ಪಾಲಿನ ಪಕ್ಕೆಲುಬು

ಜಿಪ್ಪು ಕಿತ್ತುಹೋಗದಿದ್ದರೆ ಎವರಿಸ್ಟೊನ ಮಾನ ಅವತ್ತು ಉಳಿಯುತ್ತಿತ್ತು. ಮಾನ ಹಾಳಾಗಲಿ, ಪಕ್ಕೆಲುಬಾದರೂ ಸಿಗುತ್ತಿತ್ತು.

ಊರು ಹುಟ್ಟಿದ ದಿನ ಕುರಿಮರಿಯನ್ನು ಕಬ್ಬಿಣದ ಶಿಲುಬೆಗೆ ಕಟ್ಟಿ ಬೆಂಕಿಯೆದುರು ನಿಲ್ಲಿಸುವುದು ನಮ್ಮ ಪಟಗೋನಿಯಾ ಸೀಮೆಯ ಔತಣ. ಬೆಂಕಿ ನೋಡಿಕೊಂಡವನಿಗೆ ಮೊದಲ ಪಕ್ಕೆಲುಬು ಕೊಡುವುದು ರೂಢಿ. ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತುವ ಎವರಿಸ್ಟೊಗೆ ವರ್ಷಕ್ಕೆ ಸಿಗುತ್ತಿದ್ದ ಮರ್ಯಾದೆ ಅದೊಂದೇ. ಅದಕ್ಕಾಗಿ ಬೆಳಗಿನ ಜಾವದಿಂದ ಹೊಗೆ ಕುಡಿಯುತ್ತ ಕೂತಿದ್ದ.

ಅಷ್ಟರಲ್ಲಿ ಶಾಲೆಯ ಟೀಚರ್ ದೋನ್ಯಾ ಗ್ರಿಸೆಲ್ಡಾ ಬಂದರು. ಮೆರವಣಿಗೆಗೆ ಮಿಲೊಡಾನ್ ವೇಷ ಹಾಕುವವನಿಗೆ ಸೊಂಟ ಹಿಡಿದಿತ್ತಂತೆ. ಸಾವಿರಾರು ವರ್ಷಗಳ ಹಿಂದೆ ಪಕ್ಕದ ಗವಿಯಲ್ಲಿದ್ದು ನಿರ್ವಂಶವಾದ ಆ ದೈತ್ಯ ಪ್ರಾಣಿ ನಮ್ಮೂರಿನ ಏಕೈಕ ಗಣ್ಯ ವ್ಯಕ್ತಿ.

“ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ? ಹೊಟ್ಟೆ ಇದೆ. ಆ ನಡಿಗೆಯಂತೂ ನಿಮಗೆ ಹುಟ್ಟಿನಿಂದಲೇ ಬಂದಿದೆ,” ಎಂದು ಹೊಗಳಿದರು.

“ಹೋಗ್ಬನ್ನಿ ಭಾವ, ಬೆಂಕಿ ನಾನು ನೋಡ್ಕೋತೀನಿ,” ಎಂದ ಹೆಂಡತಿಯ ತಮ್ಮ ಕ್ರಿಸ್ಪಿನ್. ಕಣ್ಣು ಮಾತ್ರ ಬೆಂಕಿಯ ಮೇಲಿರಲಿಲ್ಲ.

ಕುರಿಚರ್ಮದ ವೇಷದೊಳಗೆ ಎವರಿಸ್ಟೊನನ್ನು ತುರುಕುವಾಗ ಬೆನ್ನಿನ ಜಿಪ್ಪು ಕೈಗೇ ಬಂತು. ಟೀಚರು ಗೋಣಿ ಹೊಲಿಯುವ ದಾರದಿಂದ ಅವನನ್ನು ಒಳಗಿಟ್ಟೇ ಹೊಲಿದುಬಿಟ್ಟರು. ಮೆರವಣಿಗೆಯುದ್ದಕ್ಕೂ ಧ್ವನಿವರ್ಧಕದಲ್ಲಿ, ಈ ಸಾಧು ಪ್ರಾಣಿ ಹುಲ್ಲು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ ಎಂದು ಪಾಠ ಹೇಳಿದರು. ಮಕ್ಕಳು ಸಾಲುಗಟ್ಟಿ ಹುಲ್ಲು ತಿನ್ನಿಸಿದರು. ಫೋಟೋಗಾಗಿ ಅವನು ಅಗಿಯಲೇಬೇಕಾಯಿತು.

ಮೈದಾನಕ್ಕೆ ಮರಳಿದಾಗ ಕುರಿಮರಿ ಹದವಾಗಿ ಬೆಂದು ಘಮಘಮಿಸುತ್ತಿತ್ತು. ಹೊಲಿಗೆ ಬಿಚ್ಚಿ ಎಂದು ಎವರಿಸ್ಟೊ ಬೇಡಿಕೊಂಡ. ಒಳಗೆ ಅಂಚೆಯವನಿದ್ದಾನೆಂದು ತಿಳಿದರೆ ಮಕ್ಕಳ ಮನಸ್ಸು ಒಡೆಯುತ್ತದೆ, ಮೊದಲು ಅವರು ಮನೆಗೆ ಹೋಗಲಿ ಎಂದರು ಟೀಚರು. ಅವನ ಮನಸ್ಸು ಒಡೆದದ್ದು ಲೆಕ್ಕಕ್ಕಿಲ್ಲ. ತಡೆಯಲಾರದೆ ವೇಷದ ಉದ್ದುದ್ದ ಉಗುರಿನ ಕೈ ಚಾಚಿ ಮೊದಲ ಪಕ್ಕೆಲುಬನ್ನು ಎಳೆದುಕೊಂಡ.

ಬಾಯಿಗಿಡುವಷ್ಟರಲ್ಲಿ ಒಬ್ಬಳು ಹುಡುಗಿ ಅಳತೊಡಗಿದಳು. “ಮಿಸ್, ಮಿಲೊಡಾನ್ ಕುರಿಮರೀನ ತಿಂತಿದೆ.”

ಟೀಚರು ಪಕ್ಕೆಲುಬು ಕಿತ್ತುಕೊಂಡರು. ತಮ್ಮ ಇಡೀ ಜೀವಮಾನದ ಬೋಧನೆಯನ್ನು ಒಂದೇ ತುತ್ತಿಗೆ ನುಂಗಲು ಹೊರಟಿದ್ದಾನೆಂದು ಬೈದರು. ಊರೆಲ್ಲ ಹೌದೆಂದಿತು.

ಆಗ ಪುಂಟಾ ಅರೆನಾಸ್ ನಗರದಿಂದ ಅತಿಥಿಯಾಗಿ ಬಂದಿದ್ದ ಪ್ರಾಣಿಶಾಸ್ತ್ರದ ಡಾಕ್ಟರಮ್ಮ ಎದ್ದು ನಿಂತರು. “ಅವರದ್ದೇನೂ ತಪ್ಪಿಲ್ಲ. ಮಿಲೊಡಾನ್ ಕೂದಲು ಪರೀಕ್ಷೆ ಮಾಡಿದಾರೆ. ಅದು ಮಾಂಸಾನೂ ತಿಂತಿತ್ತು ಅನ್ಸತ್ತೆ.”

ಎವರಿಸ್ಟೊನ ಎದೆ ಕುರಿಚರ್ಮದೊಳಗೆ ಉಬ್ಬಿತು. ಜೀವನದಲ್ಲಿ ಮೊದಲ ಬಾರಿಗೆ ವಿಜ್ಞಾನ ಅವನ ಪರವಾಗಿ ಮಾತಾಡಿತ್ತು. ತಟ್ಟೆಗಾಗಿ ಕೈ ಚಾಚಿದ.

“ಆದ್ರೆ ಆ ಹಲ್ಲಲ್ಲಿ ಬೇಟೆ ಆಡೋಕಾಗಲ್ಲ,” ಡಾಕ್ಟರಮ್ಮ ಮುಂದುವರಿಸಿದರು. “ಬೇರೆಯವರು ತಿಂದು ಬಿಟ್ಟಿದ್ದನ್ನ ತಿಂತಿತ್ತೇನೋ.”

ಟೀಚರ ಮುಖ ಅರಳಿತು. ಧ್ವನಿವರ್ಧಕ ಮತ್ತೆ ಬಾಯಿಗೆ ಬಂತು. ಎಲ್ಲರ ಊಟ ಮುಗಿದ ಮೇಲೆ ಮಿಲೊಡಾನ್ ಹೇಗೆ ತಿನ್ನುತ್ತಿತ್ತೆಂದು ಮಕ್ಕಳಿಗೆ ತೋರಿಸಲಾಗುವುದು ಎಂದು ಸಾರಿದರು. ವಿದ್ಯಾಭ್ಯಾಸದ ವಿಷಯವಾದ್ದರಿಂದ ಊರವರು ಶ್ರದ್ಧೆಯಿಂದ ತಿಂದರು.

ಕೊನೆಗೆ ಕ್ರಿಸ್ಪಿನ್ ಬೆರಳು ನೆಕ್ಕುತ್ತ ಬಂದ. ನಾಯಿಯೂ ಮೂಸದಷ್ಟು ಬೆಳ್ಳಗೆ ಚೀಪಿದ್ದ ಪಕ್ಕೆಲುಬೊಂದನ್ನು ಎವರಿಸ್ಟೊನ ಉಗುರುಗಳ ನಡುವೆ ಭಕ್ತಿಯಿಂದ ಇಟ್ಟ.

“ತಗೊಳ್ಳಿ ಭಾವ. ರೂಢಿ ತಪ್ಪಿಸಬಾರದಲ್ವಾ? ಮೊದಲನೇದು ನಿಮಗೇ ಅಂತ ಎತ್ತಿಟ್ಟಿದ್ದೆ.”